ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ ಫ್ಲೋರ್ ಗೇರ್ ಭಾಗಗಳು: ಇವು ಯಾವ ಕಾರಿನವು?

ಸಿದ್ದಾಪುರ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸಿದ್ದಾಪುರದಿಂದ ಪಾಲಿಬೆಟ್ಟಕ್ಕೆ ಹೋಗುವ ದಾರಿಯಲ್ಲಿದೆ. ಮಳೆಗಾಲಕ್ಕೆ ಮುಂಚೆ ಕಾಫಿ ಗೋದಾಮಿನ ಅಟ್ಟವನ್ನು ಖಾಲಿ ಮಾಡಿಸುವಾಗ ಗೋಣಿಚೀಲಗಳ ಅಡಿಯಲ್ಲಿ ಒಂದು ತಗಡಿನ ಟ್ರಂಕ್ ಸಿಕ್ಕಿತು. ಒಳಗೆ ಗ್ರೀಸ್ ಬಳಿದು, ಹಳೆಯ ಪತ್ರಿಕೆಯಲ್ಲಿ ಸುತ್ತಿಟ್ಟ ಕಬ್ಬಿಣದ ಸಾಮಾನುಗಳಿದ್ದವು. ಇಷ್ಟು ಜೋಪಾನವಾಗಿ ಇಟ್ಟವರು ಅಜ್ಜನೇ ಇರಬೇಕು. ಅವರು ತೀರಿಕೊಂಡು ಬಹಳ ವರ್ಷಗಳಾದವು, ಕೇಳಲು ಅವರಿಲ್ಲ.

ಶೆಡ್ಡಿನಲ್ಲಿ ಅವರ 1951ರ ಷೆವರ್ಲೆ ಸ್ಟೈಲ್‌ಲೈನ್ ನಿಂತಿದೆ. ಅದಕ್ಕೆ ಸ್ಟೇರಿಂಗ್ ಪಕ್ಕದ ಹ್ಯಾಂಡ್ ಗೇರ್ ಇದೆ. ಟ್ರಂಕಿನಲ್ಲಿ ಸಿಕ್ಕಿರುವುದು ನೋಡಿದರೆ ನೆಲದಿಂದ ಮೇಲೆ ಬರುವ ಗೇರ್ ಲಿವರಿನ ಭಾಗಗಳು. ಸುಮಾರು 14 ಅಂಗುಲದ ಕ್ರೋಮ್ ಲೇಪದ ಬಾಗಿದ ಲಿವರ್. ಅದರ ತುದಿಗೆ ಬಿಳಿಯ ಗುಂಡು, ಗುಂಡಿನ ಮೇಲೆ ಆರ್, 1, 2, 3 ಎಂದು ಕಪ್ಪು ಗೆರೆಗಳ ನಕ್ಷೆ. ಎರಡು ಉಕ್ಕಿನ ತಟ್ಟೆಗಳ ನಡುವೆ ಎರಡು ತೋಳುಗಳಿರುವ ಒಂದು ಗಟ್ಟಿ ಜೋಡಣೆ. ಕಂಪನಿಯ ಹೆಸರು ಎಲ್ಲಿಯೂ ಇಲ್ಲ, ತಟ್ಟೆಯ ಅಂಚಿನಲ್ಲಿ ‘ಪ್ಯಾಟ್. ಪೆಂಡ್.’ ಎಂದು ಇಂಗ್ಲಿಷಿನಲ್ಲಿ ಒತ್ತಿದ್ದಾರೆ. ಮೂರು ಸರಳುಗಳಿವೆ, ಎರಡು ದಪ್ಪ, ಒಂದು ಸಣ್ಣ. ಎರಡು ಬ್ರ್ಯಾಕೆಟ್‌ಗಳಿವೆ. ಒಂದು ಅಚ್ಚಿನಲ್ಲಿ ಒತ್ತಿ ತಯಾರಿಸಿದ್ದು, ಹೊಳಪು ಇನ್ನೂ ಉಳಿದಿದೆ. ಇನ್ನೊಂದು ದಪ್ಪ ಪಟ್ಟಿಯಿಂದ ಕತ್ತರಿಸಿದ್ದು, ಕಪ್ಪು ಬಣ್ಣ ಬಳಿದಿದೆ. ಸಿಡಿದುಹೋದ ರಬ್ಬರ್ ಹೊದಿಕೆ ಮತ್ತು ಅದನ್ನು ನೆಲಕ್ಕೆ ಹಿಡಿಸುವ, ಆರು ತೂತುಗಳ ಮೊಟ್ಟೆಯಾಕಾರದ ಬಳೆ ಕೂಡ ಇವೆ.

ಊರಿನ ಗುಜರಿ ವ್ಯಾಪಾರಿ ಬಂದು ನೋಡಿ, ಇದು ಅಮೆರಿಕದ ಹರ್ಸ್ಟ್ ಕಂಪನಿಯದು, ಒಳ್ಳೆಯ ಬೆಲೆ ಕೊಡುತ್ತೇನೆ ಎಂದರು. ನಾನು ಕೊಡಲಿಲ್ಲ. ಇವು ನಮ್ಮ ಷೆವರ್ಲೆಯವೇ, ಬೇರೆ ಗಾಡಿಯವೇ ಎಂದು ಮೊದಲು ತಿಳಿಯಬೇಕು. ಚಿತ್ರಗಳನ್ನು ಹಾಕಿದ್ದೇನೆ. ದಯವಿಟ್ಟು ನೋಡಿ ಹೇಳಿ.

ಕುಶಾಲನಗರ ಅಂಬಾಸಿಡರ್:

ನನ್ನ ಅಂದಾಜಿನಲ್ಲಿ ಇದು ಅಂಬಾಸಿಡರಿನದು. ಹ್ಯಾಂಡ್ ಗೇರ್ ತೆಗೆದು ಫ್ಲೋರ್ ಗೇರ್ ಹಾಕಿಸುವುದು, ಜೊತೆಗೆ ಮುಂದಿನ ಉದ್ದ ಸೀಟನ್ನು ತೆಗೆದು ಎರಡು ಬಿಡಿ ಸೀಟು ಹಾಕಿಸುವುದು ಒಂದು ಕಾಲದಲ್ಲಿ ದೊಡ್ಡ ಆಸೆಯಾಗಿತ್ತು. ನನ್ನ ತಂದೆಯೂ ಹಾಗೆಯೇ ಮಾಡಿಸಿದ್ದರು. ಆ ಕಪ್ಪು ಬ್ರ್ಯಾಕೆಟ್ಟನ್ನು ನೋಡಿದರೆ ನಮ್ಮ ಕಡೆಯ ಕೈಗೆಲಸ ಎಂದು ಯಾರಾದರೂ ಹೇಳುತ್ತಾರೆ. ನಿಮಗೆ ಬೇಡವಾದರೆ ನನಗೆ ತಿಳಿಸಿ, ನನ್ನ ಗಾಡಿಗೆ ಬೇಕು.

ಕೋಟೆಬೆಟ್ಟ:

ನನಗೆ ಜೀಪಿನ ಸಾಮಾನಿನಂತೆ ಕಾಣುತ್ತದೆ. ಮೂರು ಗೇರು, ನೆಲದಿಂದ ಬರುವ ಲಿವರ್, ಅದೂ ತೋಟದ ಮನೆಯಲ್ಲಿ ಸಿಕ್ಕಿದ್ದು. ಕೊಡಗಿನ ಯಾವ ತೋಟದಲ್ಲಿ ವಿಲ್ಲೀಸ್ ಜೀಪಿನ ಒಂದೆರಡು ತುಂಡಾದರೂ ಬಿದ್ದಿರುವುದಿಲ್ಲ, ಹೇಳಿ?

ಗೋಣಿಕೊಪ್ಪ ಗ್ಯಾರೇಜ್:

ನಲವತ್ತು ವರ್ಷ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡಿದವನು ನಾನು, ಈಗ ಮನೆಯಲ್ಲಿದ್ದೇನೆ. ತಮ್ಮಾ, ಗುಂಡು, ಹೊಳಪು, ಲಿವರು ಇವುಗಳನ್ನು ಪಕ್ಕಕ್ಕಿಡಿ. ಗುಂಡನ್ನು ಯಾರು ಬೇಕಾದರೂ ತಿರುಗಿಸಿ ತೆಗೆದು ಬೇರೆಯದನ್ನು ಹಾಕಬಹುದು. ಭಾಗ ಯಾವ ಗಾಡಿಯದು ಎಂದು ತಿಳಿಯಬೇಕಾದರೆ ಅದರ ಕೆಳತುದಿಯನ್ನು ನೋಡಬೇಕು. ಅದು ಗೇರ್‌ಬಾಕ್ಸಿನ ಯಾವ ಜಾಗವನ್ನು ಹಿಡಿದುಕೊಳ್ಳುತ್ತದೆ, ಹೇಗೆ ತಳ್ಳುತ್ತದೆ, ಅಷ್ಟೇ.

ಜೀಪಿನದಲ್ಲ. ಜೀಪಿನ ಟಿ-90 ಗೇರ್‌ಬಾಕ್ಸಿನಲ್ಲಿ ಲಿವರು ಮೇಲಿನ ಮುಚ್ಚಳದಿಂದ ನೇರವಾಗಿ ಒಳಗಿಳಿದು, ಗೇರನ್ನು ಸರಿಸುವ ಫೋರ್ಕನ್ನು ಹಿಡಿಯುತ್ತದೆ. ನಡುವೆ ಸರಳೂ ಇಲ್ಲ, ತೋಳೂ ಇಲ್ಲ. ಪಕ್ಕದಲ್ಲಿ ಕಾಣುವ ಚಿಕ್ಕ ಲಿವರುಗಳು ನಾಲ್ಕು ಚಕ್ರಕ್ಕೆ ಶಕ್ತಿ ಕೊಡುವ ಟ್ರಾನ್ಸ್‌ಫರ್ ಪೆಟ್ಟಿಗೆಯವು. ಯುದ್ಧ ಮುಗಿದ ಹೊಸತರಲ್ಲಿ ಬಂದ ಮೊದಮೊದಲಿನ ಸಿಜೆ-2ಎ ಜೀಪುಗಳಿಗೆ ಸ್ಟೇರಿಂಗ್ ಪಕ್ಕದ ಗೇರ್ ಇತ್ತು ಎಂಬುದು ನಿಜ, ಆದರೆ ನಮ್ಮ ತೋಟಗಳಲ್ಲಿ ಓಡಿದ ಸಿಜೆ-3ಬಿಗೆ ಮೊದಲಿನಿಂದಲೂ ನೆಲದ ಲಿವರೇ. ಅದಕ್ಕೆ ಇಂತಹ ಪರಿವರ್ತನೆಯ ಅಗತ್ಯವೇ ಬರಲಿಲ್ಲ.

ಇನ್ನು ಅಂಬಾಸಿಡರ್. ಹ್ಯಾಂಡ್ ಗೇರಿನ ಅಂಬಾಸಿಡರಿಗೆ ಮುಂದಕ್ಕೆ ನಾಲ್ಕು ಗೇರು, ಹಿಂದಕ್ಕೆ ಒಂದು. ಒಟ್ಟು ಐದು ಜಾಗ. ಅದರಲ್ಲಿ ಒಂದು ಕೊಂಡಿ ಯಾವ ಸಾಲು ಎಂದು ಆರಿಸುತ್ತದೆ, ಇನ್ನೊಂದು ಕೊಂಡಿ ಗೇರನ್ನು ಹಾಕುತ್ತದೆ. ಆರಿಸುವ ಕೊಂಡಿ ಸ್ವಲ್ಪವೇ ಅಲುಗುತ್ತದೆ, ಹಾಕುವ ಕೊಂಡಿ ದೂರ ಚಲಿಸುತ್ತದೆ. ಆದರೆ 1949ರ ನಂತರದ ಷೆವರ್ಲೆಯ ಮೂರು ಗೇರಿನ ಪೆಟ್ಟಿಗೆಯ ಪಕ್ಕದ ಮುಚ್ಚಳದಲ್ಲಿ ಎರಡು ತೋಳುಗಳಿವೆ, ಎರಡೂ ಸರಿಸಮಾನ. ಒಂದು ತೋಳು ಫಸ್ಟ್ ಮತ್ತು ರಿವರ್ಸ್ ನೋಡಿಕೊಳ್ಳುತ್ತದೆ, ಇನ್ನೊಂದು ಸೆಕೆಂಡ್ ಮತ್ತು ಥರ್ಡ್. ಒಂದು ತೋಳು ಮುಂದೆ ಹೋದರೆ ಒಂದು ಗೇರು, ಹಿಂದೆ ಬಂದರೆ ಇನ್ನೊಂದು. ಎರಡು ತೋಳಿಗೆ ನಾಲ್ಕು ಜಾಗ. ಲೆಕ್ಕ ಸರಿಹೋಯಿತಲ್ಲವೇ?

ಆದ್ದರಿಂದ ಒಂದು ಪರೀಕ್ಷೆ ಮಾಡಿ. ಆ ಜೋಡಣೆಯನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಯಲು ಬಿಟ್ಟು, ಬೆಳಿಗ್ಗೆ ಲಿವರನ್ನು ಸಿಕ್ಕಿಸಿ ಅಲುಗಿಸಿ ನೋಡಿ. ಎರಡು ತೋಳುಗಳೂ ಒಂದೇ ರೀತಿ ಮುಂದೆ ಹಿಂದೆ ತೂಗುತ್ತವೆಯೇ, ಅಥವಾ ಒಂದು ತೋಳು ಸ್ವಲ್ಪವೇ ಅಲುಗಿ ಇನ್ನೊಂದು ದೂರ ಹೋಗುತ್ತದೆಯೇ? ಅದನ್ನು ಹೇಳಿದರೆ ಅರ್ಧ ಉತ್ತರ ಸಿಕ್ಕಂತೆ.

ಜನರು ಇದನ್ನು ಯಾಕೆ ಹಾಕಿಸಿಕೊಳ್ಳುತ್ತಿದ್ದರು ಎಂಬುದನ್ನೂ ಹೇಳಿಬಿಡುತ್ತೇನೆ, ಇದು ಬರಿಯ ಶೋಕಿಯಾಗಿರಲಿಲ್ಲ. ಹ್ಯಾಂಡ್ ಗೇರಿನ ಕೊಂಡಿಗಳ ಬುಷ್, ಅಂದರೆ ಪಿನ್ನಿನ ಸುತ್ತ ಕೂರುವ ಚಿಕ್ಕ ಬಳೆ, ಸವೆದರೆ ಎರಡು ತೋಳುಗಳೂ ಒಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ. ಫಸ್ಟಿನಿಂದ ಸೆಕೆಂಡಿಗೆ ಹಾಕುವಾಗ ಲಿವರು ನಡುವೆಯೇ ಕಚ್ಚಿಕೊಂಡು ನಿಲ್ಲುತ್ತದೆ. ಸಂಪಾಜೆ ಘಾಟಿಯಲ್ಲಿ, ಮಳೆಯಲ್ಲಿ, ಹಿಂದೆ ಲಾರಿ ಇರುವಾಗ ಹಾಗಾದರೆ ಗಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ ಎತ್ತಿ, ಸ್ಟೇರಿಂಗ್ ಬುಡದಲ್ಲಿರುವ ಕೊಂಡಿಗಳನ್ನು ಕೈಯಿಂದ ಎಳೆದು ಬಿಡಿಸಬೇಕಿತ್ತು. ಬಿಸಿ ಎಂಜಿನ್ನಿನ ಪಕ್ಕ ಕೈ ಹಾಕಿ ಹಾಗೆ ಬಿಡಿಸಿದ ನೆನಪು ನನ್ನ ಮೊಣಕೈಯ ಮೇಲೆ ಇನ್ನೂ ಕಲೆಯಾಗಿ ಉಳಿದಿದೆ.

ಸಿದ್ದಾಪುರ ತೋಟ:

ಅಣ್ಣ, ನೀವು ಹೇಳಿದಂತೆ ಮಾಡಿದೆ. ಎರಡು ತೋಳುಗಳೂ ಒಂದೇ ಅಳತೆಯಲ್ಲಿ ಮುಂದೆ ಹಿಂದೆ ತೂಗುತ್ತವೆ. ಲಿವರನ್ನು ಪಕ್ಕಕ್ಕೆ ಸರಿಸಿದಾಗ ಒಳಗಿನಿಂದ ‘ಟಕ್’ ಎಂದು ಶಬ್ದ ಬಂದು ಒಂದು ತೋಳನ್ನು ಬಿಟ್ಟು ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಅಷ್ಟು ವರ್ಷ ಅಟ್ಟದಲ್ಲಿ ಬಿದ್ದಿದ್ದರೂ ಒಳಗಿನ ಸ್ಪ್ರಿಂಗ್ ಜೀವಂತವಾಗಿದೆ. ಕೈಗೆ ಆ ಶಬ್ದ ತಾಗಿದಾಗ ಎಷ್ಟು ಸಂತೋಷವಾಯಿತು ಎಂದು ಬರೆದು ತಿಳಿಸಲಾರೆ.

ಇನ್ನೊಂದು ಗಮನಿಸಿದೆ. ತಟ್ಟೆಗಳಲ್ಲಿಯೂ ಎರಡು ತೋಳುಗಳಲ್ಲಿಯೂ ಒಂದೇ ಅಳತೆಯ ಚಿಕ್ಕ ತೂತು ಇದೆ. ಲಿವರು ನಡುವೆ ಇದ್ದಾಗ ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದು ಆಚೆಯ ಬೆಳಕು ಕಾಣುತ್ತದೆ. ಇದು ಎಣ್ಣೆ ಬಿಡುವ ತೂತೇ?

ಮೈಸೂರು ಹಳೆ ಕಾರು:

ಎಣ್ಣೆಯ ತೂತಲ್ಲ, ಹೊಂದಿಸುವ ತೂತು. ಅದರಲ್ಲಿ ಒಂದು ಕಡ್ಡಿಯನ್ನು ತೂರಿಸಿದರೆ ಎರಡು ತೋಳುಗಳೂ ನ್ಯೂಟ್ರಲ್‌ನಲ್ಲಿ ಅಲುಗದೆ ನಿಲ್ಲುತ್ತವೆ. ಆಗ ಗೇರ್‌ಬಾಕ್ಸಿನ ತೋಳುಗಳನ್ನೂ ನ್ಯೂಟ್ರಲ್‌ನಲ್ಲಿಟ್ಟು, ಸರಳಿನ ತುದಿಯ ಥ್ರೆಡ್ಡಿನಲ್ಲಿ ಉದ್ದವನ್ನು ಹೆಚ್ಚು ಕಡಿಮೆ ಮಾಡುತ್ತಾ, ಸರಳು ತೂತಿಗೆ ಒತ್ತಾಯವಿಲ್ಲದೆ ಜಾರಿ ಕೂರುವವರೆಗೆ ಹೊಂದಿಸಬೇಕು. ಕೊನೆಯಲ್ಲಿ ಕಡ್ಡಿಯನ್ನು ತೆಗೆಯಬೇಕು. ಹರ್ಸ್ಟ್ ಶಿಫ್ಟರುಗಳಲ್ಲಿ, ಅಂದರೆ ಇಂತಹ ಗೇರ್ ಹಾಕುವ ಜೋಡಣೆಗಳಲ್ಲಿ, ಈ ಕೆಲಸಕ್ಕೆ ಕಾಲು ಅಂಗುಲದ ಕಡ್ಡಿ ಬಳಸುತ್ತಾರೆ.

ಹಾಗೆಂದು ನಿಮ್ಮದನ್ನು ಹರ್ಸ್ಟ್ ಎನ್ನಬೇಡಿ. ಈ ಒಂದು ತಪ್ಪಿನಿಂದ ಎಷ್ಟು ಹಳೆಯ ಭಾಗಗಳು ಸುಳ್ಳು ಹೆಸರಿನಲ್ಲಿ ಮಾರಾಟವಾಗಿವೆಯೋ! ಅಮೆರಿಕದಲ್ಲಿ 1950ರ ದಶಕದ ಕೊನೆಯಿಂದ 1970ರ ದಶಕದವರೆಗೆ ಇಂತಹ ಪರಿವರ್ತನೆಯ ಕಿಟ್‌ಗಳನ್ನು ಹರ್ಸ್ಟ್ ಮಾತ್ರವಲ್ಲದೆ ಆನ್ಸೆನ್, ಫಾಕ್ಸ್‌ಕ್ರಾಫ್ಟ್, ಫೆಂಟನ್, ಸ್ಪಾರ್ಕೊಮ್ಯಾಟಿಕ್ ಮುಂತಾದ ಕಂಪನಿಗಳೂ ಮಾರುತ್ತಿದ್ದವು. ಷಿಕಾಗೋದ ಜೆ.ಸಿ. ವಿಟ್ನಿಯಂತಹ ವ್ಯಾಪಾರಿಗಳು ಕ್ಯಾಟಲಾಗ್ ಕಳುಹಿಸಿ ಅಂಚೆಯ ಮೂಲಕವೇ ಮಾರುತ್ತಿದ್ದರು. ಹರ್ಸ್ಟ್ ಕೂಡ ಕಡಿಮೆ ಬೆಲೆಗೆ ‘ಮಿಸ್ಟರಿ ಶಿಫ್ಟರ್’ ಎಂಬ ಮೂರು ಗೇರಿನ ಕಿಟ್ ಮಾರಿತ್ತು. ಹರ್ಸ್ಟ್ ಲಿವರಿನ ಚಪ್ಪಟೆಯಾದ ಬುಡದಲ್ಲಿ ಅದರ ಹೆಸರು ಆಳವಾಗಿ ಒತ್ತಿರುತ್ತದೆ. ನಿಮ್ಮ ಚಿತ್ರದಲ್ಲಿ ಲಿವರು ಬುಡದವರೆಗೂ ದುಂಡಗಿದೆ, ಹೆಸರೂ ಇಲ್ಲ. ಬಿಳಿಯ ಗುಂಡು ಹರ್ಸ್ಟಿನದೇ ಗುರುತು ಎಂದು ವ್ಯಾಪಾರಿಗಳು ಹೇಳುತ್ತಾರೆ, ಆದರೆ ಬಿಳಿಯ ಗುಂಡನ್ನು ಎಲ್ಲರೂ ಹಾಕುತ್ತಿದ್ದರು.

‘ಪ್ಯಾಟ್. ಪೆಂಡ್.’ ಎಂಬುದಕ್ಕೆ ಪೇಟೆಂಟ್ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ ಎಂದಷ್ಟೇ ಅರ್ಥ, ಅದು ಹೆಸರಲ್ಲ. ಆದರೂ ಆ ಜಾಗವನ್ನು ಉಜ್ಜಬೇಡಿ. ತಂತಿ ಬ್ರಷ್ಷನ್ನಾಗಲಿ ಗ್ರೈಂಡರನ್ನಾಗಲಿ ಹತ್ತಿರ ತರಬೇಡಿ. ತೆಳುವಾದ ಕಾಗದ ಇಟ್ಟು ಮೆತ್ತನೆಯ ಪೆನ್ಸಿಲ್ ಉಜ್ಜಿದರೆ ಕಣ್ಣಿಗೆ ಕಾಣದ ಅಕ್ಷರಗಳೂ ಮೂಡುತ್ತವೆ. ಎಲ್ಲ ಭಾಗಗಳಿಗೂ ಹಾಗೆ ಅಚ್ಚು ತೆಗೆದುಕೊಳ್ಳಿ.

ವಿರಾಜಪೇಟೆ ಲೇತ್ ಮನೆ:

ನಮ್ಮ ತಂದೆ ಲೇತ್ ಅಂಗಡಿ ಇಟ್ಟಿದ್ದರು, ಈಗ ನಾನು ನಡೆಸುತ್ತಿದ್ದೇನೆ. ನನಗೆ ಆ ಕಪ್ಪು ಬ್ರ್ಯಾಕೆಟ್ಟೇ ಮುಖ್ಯವಾಗಿ ಕಾಣುತ್ತದೆ, ಯಾರೂ ಅದನ್ನು ಸರಿಯಾಗಿ ನೋಡಿಲ್ಲ.

ಚಿತ್ರ 5ನ್ನು ದೊಡ್ಡದು ಮಾಡಿ ನೋಡಿ. ಅಂಚಿನಲ್ಲಿ ಗ್ಯಾಸಿನಿಂದ ಕತ್ತರಿಸಿದಾಗ ಬೀಳುವ ಅಲೆಅಲೆಯ ಗೆರೆಗಳಿವೆ. ಅದರ ಮೇಲೆ ಅರದಿಂದ ಉಜ್ಜಿದ ಅಡ್ಡ ಗೀರುಗಳು. ಉಜ್ಜಿದವರು ಅವಸರದವರಲ್ಲ, ಒಳಗಿನ ಮೂಲೆಯನ್ನೂ ಬಿಡದೆ ದುಂಡಗೆ ಮಾಡಿದ್ದಾರೆ. ಈಗ ತೂತುಗಳ ಪಕ್ಕ ನೋಡಿ. ಒಂದು ತೂತಿನ ಬಳಿ ಒಂದು ಚುಕ್ಕೆ, ಇನ್ನೊಂದರ ಬಳಿ ಎರಡು ಚುಕ್ಕೆ. ಅವು ತುಕ್ಕಿನ ಕಲೆಗಳಲ್ಲ, ಸೆಂಟರ್ ಪಂಚ್ ಎಂಬ ಚೂಪು ತುದಿಯ ಉಳಿಯಿಂದ ಹೊಡೆದ ಗುರುತುಗಳು. ನಮ್ಮ ತಂದೆಯೂ ಹೀಗೆಯೇ ಮಾಡುತ್ತಿದ್ದರು. ಒಂದು ಗಾಡಿಗೆಂದೇ ಅಳತೆ ತೆಗೆದು ಭಾಗ ಮಾಡಿದರೆ, ಬಿಚ್ಚಿ ಮತ್ತೆ ಜೋಡಿಸುವವರಿಗೆ ತಪ್ಪಾಗದಿರಲೆಂದು ಎರಡೂ ಕಡೆ ಜೋಡಿ ಚುಕ್ಕೆ ಹೊಡೆಯುತ್ತಿದ್ದರು. ಒಂದು ಚುಕ್ಕೆಗೆ ಒಂದು ಚುಕ್ಕೆ, ಎರಡಕ್ಕೆ ಎರಡು. ಅಂದರೆ ಈ ಚುಕ್ಕೆಗಳ ಜೋಡಿ ಎಲ್ಲೋ ಒಂದು ಗೇರ್‌ಬಾಕ್ಸಿನ ಮೇಲೆ ಇದೆ. ಅದನ್ನು ಹುಡುಕಿ.

ಎರಡನೆಯದು ಥ್ರೆಡ್. ವರ್ನಿಯರ್ ಕ್ಯಾಲಿಪರ್ ಇದ್ದರೆ ಸರಳುಗಳ ಥ್ರೆಡ್ಡಿನ ಹೊರ ಅಳತೆ ತೆಗೆಯಿರಿ, ಒಂದು ಅಂಗುಲದಲ್ಲಿ ಎಷ್ಟು ಥ್ರೆಡ್ ಎಂದು ಎಣಿಸಿ. ಎಣಿಸಲು ಕಷ್ಟವಾದರೆ ಕಾಗದದ ಮೇಲೆ ಒತ್ತಿ ಉರುಳಿಸಿ, ಬಿದ್ದ ಗೆರೆಗಳನ್ನು ಎಣಿಸಿ. 9.5 ಮಿಲಿಮೀಟರಿಗೆ ಸ್ವಲ್ಪ ಕಡಿಮೆ, ಅಂಗುಲಕ್ಕೆ 24 ಬಂದರೆ ಅದು ಮೂರು-ಎಂಟಾಂಶ ಅಂಗುಲದ ಯುಎನ್‌ಎಫ್, ಅಮೆರಿಕದ ಕಾರುಗಳಲ್ಲಿ ಬರುವ ಥ್ರೆಡ್ ಅಳತೆ. ಅದೇ ದಪ್ಪಕ್ಕೆ 20 ಬಂದರೆ ಹಳೆಯ ಬ್ರಿಟಿಷ್ ಅಳತೆಯಾದ ಬಿಎಸ್‌ಎಫ್. 16 ಬಂದರೆ ಎಚ್ಚರ: ಅಮೆರಿಕದ ಯುಎನ್‌ಸಿಗೂ ಬ್ರಿಟಿಷರ ವಿಟ್ವರ್ಥಿಗೂ ಆ ದಪ್ಪದಲ್ಲಿ 16 ಥ್ರೆಡ್ಡೇ. ನಟ್ಟು ಹತ್ತಿಬಿಡುತ್ತದೆ, ಸರಿಯಾಯಿತು ಎಂದುಕೊಳ್ಳುತ್ತೇವೆ. ಆದರೆ ಒಂದರ ಕೋನ 60 ಡಿಗ್ರಿ, ಇನ್ನೊಂದರದು 55. ಬಿಗಿ ಮಾಡಿದಾಗ ಥ್ರೆಡ್ಡಿನ ಅಂಚು ಮಾತ್ರ ಹಿಡಿದಿರುತ್ತದೆ, ಒಂದು ದಿನ ಕಳಚಿಕೊಳ್ಳುತ್ತದೆ.

ಮಿಲಿಮೀಟರ್ ಲೆಕ್ಕದ ಥ್ರೆಡ್ ಬಂದರೆ ಫಿಯೆಟ್ ಅಥವಾ ಪದ್ಮಿನಿಯ ಕಡೆಗೆ ಯೋಚಿಸಿ. ಒಂದು ಮಾತು: ಯುಎನ್‌ಎಫ್ ಬಂದ ಮಾತ್ರಕ್ಕೆ ಅಮೆರಿಕದ ಕಾರು ಎಂದು ತೀರ್ಮಾನಿಸಲಾಗದು. ಬ್ರಿಟನ್ನಿನ ಬಿಎಂಸಿ ಕಂಪನಿ ರೂಪಿಸಿದ ಅಂಬಾಸಿಡರ್ ಎಂಜಿನ್ನಿನಲ್ಲಿಯೂ ಅದೇ ಥ್ರೆಡ್. ಥ್ರೆಡ್ ಕೆಲವನ್ನು ಪಟ್ಟಿಯಿಂದ ಹೊರಗೆ ಹಾಕುತ್ತದೆ, ಅದೊಂದೇ ಹೆಸರು ಹೇಳುವುದಿಲ್ಲ.

ಸಿದ್ದಾಪುರ ತೋಟ:

ಅಕ್ಕ, ಆ ಚುಕ್ಕೆಗಳನ್ನು ನಾನು ತುಕ್ಕು ಎಂದೇ ಭಾವಿಸಿದ್ದೆ. ನೀವು ಹೇಳಿದ ಮೇಲೆ ಬೆರಳಿನಿಂದ ಸವರಿದರೆ ಗುಳಿ ಸಿಗುತ್ತದೆ.

ಅಳತೆ ಹೀಗಿದೆ. ಎರಡು ದಪ್ಪ ಸರಳುಗಳು 9.4 ಮಿಲಿಮೀಟರ್, ಅಂಗುಲಕ್ಕೆ 24. ಸಣ್ಣ ಸರಳು 7.9 ಮಿಲಿಮೀಟರ್. ಅದರ ಥ್ರೆಡ್ ಎಣಿಸಿದರೆ ಅಂಗುಲಕ್ಕೆ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು, ಸರಿಯಾಗಿ ಕೂಡುವುದಿಲ್ಲ. ಮನೆಯಲ್ಲಿದ್ದ 8 ಮಿಲಿಮೀಟರಿನ ನಟ್ಟು ಹಾಕಿದೆ, ಕೊನೆಯವರೆಗೂ ಸಲೀಸಾಗಿ ಹತ್ತಿತು. ಹೊಳಪಿನ ಬ್ರ್ಯಾಕೆಟ್ಟಿನ ಪೆನ್ಸಿಲ್ ಅಚ್ಚನ್ನೂ ಹಾಕಿದ್ದೇನೆ. ಅದರ ಒಂದು ಕಡೆ ಅರ್ಧಚಂದ್ರದಂತೆ ಬಾಗಿದೆ, ಎರಡು ಕಿವಿಗಳಲ್ಲಿ ಉದ್ದನೆಯ ತೂತುಗಳಿವೆ. ಆ ತೂತುಗಳಲ್ಲಿ ಬೋಲ್ಟ್ ಬಿಗಿದ ಒಂದು ಗುರುತೂ ಇಲ್ಲ.

ವಿರಾಜಪೇಟೆ ಲೇತ್ ಮನೆ:

ಹಾಗಾದರೆ ಸಣ್ಣ ಸರಳನ್ನು ಬೇರೆ ಇಡಿ. 8 ಮಿಲಿಮೀಟರ್, 1.25 ಥ್ರೆಡ್. ಅದು ಈ ಕುಟುಂಬದ್ದಲ್ಲ, ಯಾವಾಗಲೋ ಟ್ರಂಕಿಗೆ ಸೇರಿಕೊಂಡಿದೆ. ನಿಮ್ಮ ಮನೆಯಲ್ಲಿ ಫಿಯೆಟ್ ಇತ್ತೇ?

ಸಿದ್ದಾಪುರ ತೋಟ:

ಇತ್ತು. ಅಪ್ಪನ ಪದ್ಮಿನಿ.

ಗೋಣಿಕೊಪ್ಪ ಗ್ಯಾರೇಜ್:

ನೋಡಿ, ಒಂದು ಗಂಟು ಬಿಚ್ಚಿತು. ಹೊಳಪಿನ ಬ್ರ್ಯಾಕೆಟ್ಟಿನ ಅಚ್ಚನ್ನು ನೋಡಿದ ಮೇಲೆ ಇನ್ನೊಂದು ಗಂಟನ್ನೂ ಬಿಚ್ಚಬಹುದು.

1954ರವರೆಗಿನ ಷೆವರ್ಲೆ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟ್ ಹೊರಗೆ ಕಾಣುವುದಿಲ್ಲ. ಅದು ಒಂದು ದಪ್ಪ ಕೊಳವೆಯೊಳಗೆ ತಿರುಗುತ್ತದೆ. ಟಾರ್ಕ್ ಟ್ಯೂಬ್ ಎನ್ನುತ್ತೇವೆ. ಆ ಕೊಳವೆಯ ಮುಂದಿನ ತುದಿ ದುಂಡಗಿನ ಚೆಂಡಿನಂತಿದ್ದು ಗೇರ್‌ಬಾಕ್ಸಿನ ಹಿಂಭಾಗದ ಬಟ್ಟಲಿನಲ್ಲಿ ಕೂರುತ್ತದೆ. 1955ರ ಮಾದರಿಯಿಂದ ಷೆವರ್ಲೆಯವರು ಇದನ್ನು ಕೈಬಿಟ್ಟು ತೆರೆದ ಶಾಫ್ಟ್ ಕೊಟ್ಟರು, ಗೇರ್‌ಬಾಕ್ಸಿಗೆ ಉದ್ದನೆಯ ಬಾಲ ಬಂದಿತು. ನಿಮ್ಮ ಅರ್ಧಚಂದ್ರದ ಬ್ರ್ಯಾಕೆಟ್ ಅಂತಹ ಬಾಲವನ್ನು ತಬ್ಬಿಕೊಳ್ಳಲು ಮಾಡಿದ್ದು. 1951ರ ಗಾಡಿಗೆ ಅದು ಕೂರುವುದಿಲ್ಲ, ಕೂರಿಸಿದರೆ ಚೆಂಡಿನ ಬಟ್ಟಲಿಗೆ ತಗಲುತ್ತದೆ. ಅದಕ್ಕೇ ಅದರಲ್ಲಿ ಬೋಲ್ಟಿನ ಗುರುತಿಲ್ಲ. ಕಿಟ್ ಜೊತೆಗೆ ಬಂದಿತು, ಬಳಕೆಯಾಗಲಿಲ್ಲ.

ಈಗ ಕಪ್ಪು ಬ್ರ್ಯಾಕೆಟ್ ಯಾಕೆ ಹುಟ್ಟಿತು ಎಂದು ತಿಳಿಯಿತಲ್ಲವೇ? ಬಾಲವಿಲ್ಲದ ಗೇರ್‌ಬಾಕ್ಸಿಗೆ ಶಿಫ್ಟರನ್ನು ಪಕ್ಕದ ಮುಚ್ಚಳದ ಬೋಲ್ಟುಗಳಲ್ಲಿಯೇ ಹಿಡಿಸಬೇಕಾಯಿತು. ನನ್ನ ಊಹೆ ಸರಿಯಾಗಿದ್ದರೆ ಅಕ್ಕ ಹೇಳಿದ ಜೋಡಿ ಚುಕ್ಕೆಗಳು ನಿಮ್ಮ ಶೆಡ್ಡಿನಲ್ಲಿಯೇ ಇವೆ. ಗಾಡಿಯ ಅಡಿಗೆ ಹೋಗಿ ಮುಚ್ಚಳದ ಬೋಲ್ಟುಗಳ ಸುತ್ತ ನೋಡಿ.

ಹೋಗುವ ಮೊದಲು ಕೇಳಿ, ಇದನ್ನು ನಾನು ಬೇಡಿಕೊಂಡೇ ಹೇಳುತ್ತಿದ್ದೇನೆ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬೇಡಿ. ಮಣ್ಣಿನ ನೆಲದಲ್ಲಿ ಜಾಕ್ ಓರೆಯಾಗಲು ಒಂದು ಕ್ಷಣ ಸಾಕು. ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಛಾಸಿಯ ಅಡಿಗೆ ಕೊಡಿ, ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ, ಒಮ್ಮೆ ಜೋರಾಗಿ ತಳ್ಳಿ ನೋಡಿ, ಆಮೇಲೆ ಮಲಗಿ. ಜೊತೆಗೆ ಒಬ್ಬರು ಇರಲಿ.

ಕುಶಾಲನಗರ ಅಂಬಾಸಿಡರ್:

ನನ್ನ ಊಹೆ ತಪ್ಪಾಯಿತು, ಒಪ್ಪಿದೆ. ಆದರೂ ಕೇಳುತ್ತೇನೆ, ಎರಡು ತೋಳಿನ ಈ ಜೋಡಣೆಯನ್ನು ಸ್ವಲ್ಪ ಬದಲಿಸಿ ಅಂಬಾಸಿಡರಿಗೆ ಹಾಕಲು ಸಾಧ್ಯವೇ?

ಗೋಣಿಕೊಪ್ಪ ಗ್ಯಾರೇಜ್:

ಬೇಡ. ಆರಿಸುವ ಕೊಂಡಿ ಇರುವ ಗೇರ್‌ಬಾಕ್ಸಿಗೆ ಇದು ಸಲ್ಲದು. ತಿಂಗಳೊಳಗೆ ಎರಡು ಗೇರ್ ಒಟ್ಟಿಗೆ ಬೀಳುತ್ತವೆ. ನಿಮಗೆ ನೆಲದ ಲಿವರೇ ಬೇಕೆಂದರೆ ಇಸುಜು 1.8 ಎಂಜಿನ್ನಿನ ಅಂಬಾಸಿಡರಿನ ಐದು ಗೇರಿನ ಪೆಟ್ಟಿಗೆಯನ್ನು ಎಂಜಿನ್ ಸಮೇತ ಹುಡುಕಿ, ಅದು ಬೇರೆಯೇ ಕೆಲಸ. ಪದ್ಮಿನಿಯವರು 118 ಎನ್‌ಇ ಕಾರಿನ ನಿಸಾನ್ ಗೇರ್‌ಬಾಕ್ಸ್ ಹಾಕಿಕೊಂಡದ್ದೂ ಹಾಗೆಯೇ. ಇಡೀ ಪೆಟ್ಟಿಗೆ ಬದಲಾಗುತ್ತದೆ, ಲಿವರಲ್ಲ. ಅದಕ್ಕಿಂತ ನಿಮ್ಮ ಹ್ಯಾಂಡ್ ಗೇರಿಗೆ ಹೊಸ ಬುಷ್ ಹಾಕಿಸಿ ನೋಡಿ. ಸರಿಯಾಗಿರುವ ಹ್ಯಾಂಡ್ ಗೇರ್ ಎರಡು ಬೆರಳಿನಲ್ಲಿ ಬೀಳುತ್ತದೆ. ಜನರು ಬೈಯುವುದು ಸವೆದ ಹ್ಯಾಂಡ್ ಗೇರನ್ನು.

ಸಿದ್ದಾಪುರ ತೋಟ:

ಮೂರು ದಿನ ಬರೆಯಲಾಗಲಿಲ್ಲ, ಕರೆಂಟ್ ಇರಲಿಲ್ಲ. ಕ್ಷಮಿಸಿ.

ಸಿಲ್ವರ್ ಓಕಿನ ತುಂಡುಗಳನ್ನು ಪೇರಿಸಿ, ತಮ್ಮನನ್ನು ಹೊರಗೆ ನಿಲ್ಲಿಸಿ ಅಡಿಗೆ ಹೋದೆ. ಗೇರ್‌ಬಾಕ್ಸಿನ ಪಕ್ಕದಲ್ಲಿ ಎಣ್ಣೆ, ಮಣ್ಣು, ಕಾಫಿ ಸಿಪ್ಪೆ ಎಲ್ಲ ಸೇರಿ ಬೆರಳುದ್ದ ದಪ್ಪಕ್ಕೆ ಹೆಪ್ಪುಗಟ್ಟಿತ್ತು. ಚಾಕುವಿನಿಂದ ಕೆರೆಯಲು ಮನಸ್ಸಾಗಲಿಲ್ಲ. ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒತ್ತಿಟ್ಟು, ಮೆತ್ತಗಾದಷ್ಟನ್ನು ಬಿದಿರಿನ ಚಕ್ಕೆಯಿಂದ ತೆಗೆದೆ. ಸಂಜೆಯ ಹೊತ್ತಿಗೆ ಮುಚ್ಚಳದ ಬೋಲ್ಟುಗಳು ಕಾಣಿಸಿದವು.

ಎರಡು ಬೋಲ್ಟುಗಳು ಬೇರೆಯವಕ್ಕಿಂತ ಎದ್ದು ನಿಂತಿವೆ. ಅವುಗಳ ತಲೆಯ ಅಡಿಯಲ್ಲಿ ಮಾತ್ರ ಮೂರು ಮೂರು ವಾಷರುಗಳಿವೆ, ಉಳಿದವಕ್ಕೆ ಒಂದೊಂದೇ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಮುಂದಿನ ಬೋಲ್ಟಿನ ಪಕ್ಕ ಮುಚ್ಚಳದ ಅಂಚಿನಲ್ಲಿ ಒಂದು ಚುಕ್ಕೆ. ಹಿಂದಿನದರ ಪಕ್ಕ ಎರಡು ಚುಕ್ಕೆ. ಕಪ್ಪು ಬ್ರ್ಯಾಕೆಟ್ಟಿನ ತೂತುಗಳನ್ನು ಕಾಗದದಲ್ಲಿ ಗುರುತಿಸಿಕೊಂಡು ಹೋಗಿದ್ದೆ. ಬೋಲ್ಟುಗಳ ಮೇಲಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅಡಿಯಲ್ಲಿ ಮಲಗಿದ್ದವನಿಗೆ ಕಣ್ಣಲ್ಲಿ ನೀರು ಬಂದಿತು. ತಮ್ಮ ಹೊರಗಿನಿಂದ ಏನಾಯಿತು ಎಂದು ಕೂಗುತ್ತಿದ್ದ.

ಗೋಣಿಕೊಪ್ಪ ಗ್ಯಾರೇಜ್:

ಆ ವಾಷರುಗಳು ಬ್ರ್ಯಾಕೆಟ್ಟಿನ ದಪ್ಪವನ್ನು ತುಂಬಲು ಹಾಕಿದ್ದು. ಬ್ರ್ಯಾಕೆಟ್ಟಿಗಾಗಿ ಉದ್ದ ಬೋಲ್ಟ್ ಹಾಕಿದ್ದರು. ಅದನ್ನು ತೆಗೆದ ಮೇಲೆ ಬೋಲ್ಟ್ ಒಳಗೆ ಹೆಚ್ಚಾಗಿ ಇಳಿದು ಗೇರಿಗೆ ತಾಗಬಾರದೆಂದು ವಾಷರ್ ಕೊಟ್ಟಿದ್ದಾರೆ. ಕೆಲಸ ಮಾಡಿದವರು ತಿಳಿದವರು. ಬ್ರ್ಯಾಕೆಟ್ಟಿನ ದಪ್ಪವನ್ನೂ ಹೆಚ್ಚಿನ ಎರಡು ವಾಷರುಗಳ ದಪ್ಪವನ್ನೂ ಅಳೆದು ನೋಡಿ, ಒಂದೇ ಬರಬೇಕು.

ಹಾಗಾದರೆ ಈ ಗಾಡಿಗೆ ಒಮ್ಮೆ ನೆಲದ ಲಿವರ್ ಇತ್ತು, ಆಮೇಲೆ ತೆಗೆದು ಮತ್ತೆ ಹ್ಯಾಂಡ್ ಗೇರ್ ಹಾಕಿದ್ದಾರೆ. ಮುಂದಿನ ಚಾಪೆಯನ್ನು ಎತ್ತಿ ನೋಡಿ. ನೆಲ ಕತ್ತರಿಸದೆ ಲಿವರು ಮೇಲೆ ಬರಲಾರದು.

ಸಿದ್ದಾಪುರ ತೋಟ:

ಅಳೆದೆ. ಬ್ರ್ಯಾಕೆಟ್ 6 ಮಿಲಿಮೀಟರ್, ಎರಡು ವಾಷರುಗಳು ಸೇರಿ 6. ನೆಲದಲ್ಲಿ ರಬ್ಬರ್ ಚಾಪೆಯ ಅಡಿಯಲ್ಲಿ ಒಂದು ತಗಡಿನ ತೇಪೆ ಇದೆ. ಹಿತ್ತಾಳೆಯಿಂದ ಬೆಸೆದಿದ್ದಾರೆ, ಅಂಚಿನಲ್ಲಿ ಹಳದಿ ಗೆರೆ ಹೊಳೆಯುತ್ತದೆ. ಟ್ರಂಕಿನಲ್ಲಿದ್ದ ಬಳೆಯನ್ನು ಅದರ ಮೇಲಿಟ್ಟೆ. ಬಳೆಯ ಆರು ತೂತುಗಳ ಅಡಿಯಲ್ಲಿ ಸೀಸದಿಂದ ಮುಚ್ಚಿದ ಆರು ಗುರುತುಗಳು.

ಮೈಸೂರು ಹಳೆ ಕಾರು:

ಅಭಿನಂದನೆಗಳು. ಹಳೆಯ ಭಾಗವೂ ಅದು ಕೂತಿದ್ದ ಕಾರೂ ಒಂದೇ ಸೂರಿನಡಿ ಉಳಿದಿರುವುದನ್ನು ನಾನು ನೋಡಿಲ್ಲ. ಇನ್ನು ಮುಂದೆ ಏನು ಮಾಡುತ್ತೀರಿ? ನನ್ನ ಅಭಿಪ್ರಾಯ ಕೇಳಿದರೆ ತೇಪೆಯನ್ನು ಮತ್ತೆ ಕತ್ತರಿಸಬೇಡಿ. ಕಾರ್ಖಾನೆಯಿಂದ ಬಂದಂತೆ ಹ್ಯಾಂಡ್ ಗೇರ್ ಇರಲಿ, ಕಿಟ್ಟನ್ನು ಕಾರಿನ ಜೊತೆಗೇ ಇಡಿ. ಎರಡನ್ನೂ ಬೇರೆ ಬೇರೆಯವರಿಗೆ ಮಾರುವ ಯೋಚನೆ ಮಾತ್ರ ಮಾಡಬೇಡಿ.

ಕೋಟೆಬೆಟ್ಟ:

ನಾನು ಒಪ್ಪುವುದಿಲ್ಲ. ಅಜ್ಜನೇ ಹಾಕಿಸಿದ್ದು ಎಂದ ಮೇಲೆ ಅದೂ ಈ ಕಾರಿನ ಚರಿತ್ರೆಯೇ. ನಾನಾಗಿದ್ದರೆ ಮತ್ತೆ ಹಾಕಿಸಿ ಓಡಿಸುತ್ತಿದ್ದೆ.

ವಿರಾಜಪೇಟೆ ಲೇತ್ ಮನೆ:

ಅದಕ್ಕೂ ಮೊದಲು ಲಿವರಿನ ಬಾಗಿದ ಜಾಗದ ಹತ್ತಿರದ ಚಿತ್ರ ಹಾಕುತ್ತೀರಾ? ಮೊದಲ ದಿನದಿಂದಲೂ ನನ್ನ ಕಣ್ಣು ಅಲ್ಲಿಯೇ ಇದೆ. ಆ ಒಂದು ಗೇಣಿನಷ್ಟು ಜಾಗದಲ್ಲಿ ಮಾತ್ರ ಕ್ರೋಮ್ ಬಿರುಕು ಬಿಟ್ಟು ಎದ್ದಿದೆ, ಅಡಿಯ ಉಕ್ಕು ನೀಲಿಯಾಗಿದೆ. ಅದು ತುಕ್ಕಲ್ಲ, ಬೆಂಕಿ ತಾಗಿದ ಬಣ್ಣ. ಅಮೆರಿಕದಲ್ಲಿ ಚಾಲಕ ಎಡಗಡೆ ಕೂರುತ್ತಾನೆ, ಲಿವರು ಎಡಕ್ಕೆ ವಾಲಿರುತ್ತದೆ. ನಮ್ಮ ಬಲಗಡೆಯ ಚಾಲಕನಿಗೆ ಎಟುಕಬೇಕೆಂದು ಯಾರೋ ಕಾಯಿಸಿ ಈ ಕಡೆಗೆ ಬಗ್ಗಿಸಿದ್ದಾರೆ. ಹಾಗೆ ಬಗ್ಗಿಸಿದಾಗ ಲಿವರು ಸೀಟಿನ ನಡುಭಾಗಕ್ಕೆ ತೀರಾ ಹತ್ತಿರ ಬಂದಿರಬೇಕು. ಮತ್ತೆ ತೆಗೆಸಿದ್ದಕ್ಕೂ ಅದಕ್ಕೂ ಸಂಬಂಧ ಇರಬಹುದೇ? ಮನೆಯ ಹಿರಿಯರನ್ನು ಕೇಳಿ ನೋಡಿ.

ಸಿದ್ದಾಪುರ ತೋಟ:

ಅಕ್ಕ, ನಿಮ್ಮ ಮಾತು ಕೇಳಿ ಇವತ್ತು ಅಮ್ಮತ್ತಿಯಲ್ಲಿರುವ ಅತ್ತೆಯ ಮನೆಗೆ ಲಿವರನ್ನು ತೆಗೆದುಕೊಂಡು ಹೋದೆ. ಟೇಬಲ್ಲಿನ ಮೇಲಿಟ್ಟ ಕೂಡಲೇ ಅವರು, ‘ಇದು ಇನ್ನೂ ಇದೆಯಾ?’ ಎಂದರು.

ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಅಜ್ಜನ ತಮ್ಮ ಅಮೆರಿಕದಿಂದ ತಂದುಕೊಟ್ಟದ್ದಂತೆ. ಅತ್ತೆಗೆ ಆಗ ಆರೋ ಏಳೋ ವರ್ಷ, 1960ರ ದಶಕದ ಆರಂಭ. ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ ಹಾಕಿಸಿ ತಂದ ದಿನ ಅಜ್ಜ ತುಂಬಾ ಖುಷಿಯಲ್ಲಿದ್ದರಂತೆ. ಆದರೆ ಆ ಕಾರಿನ ಮುಂದಿನ ಸೀಟು ಉದ್ದನೆಯ ಒಂದೇ ಸೀಟು. ಅಜ್ಜ ಓಡಿಸುವಾಗ ಅಜ್ಜಿ ಆ ಕಡೆ, ನಡುವೆ ಅತ್ತೆ. ಅದು ಅವರ ಜಾಗ. ಲಿವರು ಬಂದ ಮೇಲೆ ಅತ್ತೆ ಎರಡು ಕಾಲುಗಳ ನಡುವೆ ಅದನ್ನಿಟ್ಟುಕೊಂಡು ಕೂರಬೇಕಾಯಿತು. ಸೆಕೆಂಡ್ ಗೇರಿಗೆ ಹಾಕುವಾಗಲೆಲ್ಲ ಗುಂಡು ಮೊಣಕಾಲಿಗೆ ಬಡಿಯುತ್ತಿತ್ತಂತೆ. ಒಂದು ಮಳೆಗಾಲ ಮಡಿಕೇರಿಗೆ ಹತ್ತುವಾಗ ಅತ್ತೆ ನಿದ್ದೆ ಹೋಗಿ ಕಾಲು ಅಡ್ಡ ಬಂದು, ಗೇರ್ ಬೀಳದೆ ಗಾಡಿ ಹಿಂದಕ್ಕೆ ಜಾರಿತು. ಅಜ್ಜ ಬ್ರೇಕ್ ಹಿಡಿದು ನಿಲ್ಲಿಸಿದರು. ಮನೆಗೆ ಬಂದ ಮೇಲೆ ಅಜ್ಜಿ, ಮಗುವನ್ನು ಹಿಂದಿನ ಸೀಟಿನಲ್ಲಿ ಒಂಟಿಯಾಗಿ ಕೂರಿಸಲು ತನಗೆ ಇಷ್ಟವಿಲ್ಲ ಎಂದು ಒಂದೇ ಮಾತು ಹೇಳಿದರಂತೆ. ಕಾಫಿ ಕೊಯ್ಲು ಶುರುವಾಗುವ ಮೊದಲು ಹ್ಯಾಂಡ್ ಗೇರ್ ವಾಪಸ್ ಬಂದಿತು.

ನೆಲವನ್ನು ಮತ್ತೆ ಕತ್ತರಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಕೋಟೆಬೆಟ್ಟದವರು ಬೇಸರ ಮಾಡಿಕೊಳ್ಳಬಾರದು. ಪ್ರತಿಯೊಂದು ಭಾಗಕ್ಕೂ ಚೀಟಿ ಕಟ್ಟಿ, ಹೊಸದಾಗಿ ಗ್ರೀಸ್ ಬಳಿದು ಟ್ರಂಕಿನಲ್ಲಿಟ್ಟು, ಟ್ರಂಕನ್ನು ಕಾರಿನ ಡಿಕ್ಕಿಯಲ್ಲಿಟ್ಟಿದ್ದೇನೆ. ಪದ್ಮಿನಿಯ ಸರಳಿಗೆ ಬೇರೆ ಪೊಟ್ಟಣ. ಬಿಳಿಯ ಗುಂಡು ಮಾತ್ರ ಅಮ್ಮತ್ತಿಯಲ್ಲಿಯೇ ಉಳಿಯಿತು. ಹೊರಡುವಾಗ ಕೇಳೋಣವೆಂದು ನೋಡಿದರೆ ಅತ್ತೆ ಅದನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದರು. ಕೇಳಲಿಲ್ಲ.

ವಿರಾಜಪೇಟೆಯ ಅಕ್ಕ, ಸ್ಟೇರಿಂಗ್ ಬುಡದ ಕೊಂಡಿಗಳ ಬುಷ್ ಪೂರ್ತಿ ಸವೆದಿದೆ. ಬಿಚ್ಚಿ ತಂದರೆ ಹಿತ್ತಾಳೆಯದು ಮಾಡಿಕೊಡುತ್ತೀರಾ? ಯಾವ ದಿನ ಬರಲಿ?

ವಿರಾಜಪೇಟೆ ಲೇತ್ ಮನೆ:

ಬುಧವಾರ ಬನ್ನಿ. ಬುಷ್ ಒಂದೇ ತಂದರೆ ಸಾಲದು, ಅದು ಕೂರುವ ಪಿನ್ನನ್ನೂ ತನ್ನಿ. ಪಿನ್ ಸವೆದಿದ್ದರೆ ಎಷ್ಟು ಒಳ್ಳೆಯ ಬುಷ್ ಮಾಡಿದರೂ ಸೆಕೆಂಡ್ ಗೇರ್ ಕಚ್ಚುತ್ತದೆ.